ಒಂದು ಗಾಡಿಯಷ್ಟು ಹೊಲ: ಪುಣೆಯ ಕಂಪನಿ ನೌಕರರಿಗಾಗಿ ಆಧುನಿಕ ಬೇಸಾಯದ ಸಂಚಾರಿ ಪ್ರದರ್ಶನ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಂಪನಿಗಳಲ್ಲಿ ಕೃಷಿ ಪ್ರದರ್ಶನ ಎಂದರೆ ಸಾಮಾನ್ಯವಾಗಿ ಇಷ್ಟೇ: ರಿಸೆಪ್ಶನ್ ಪಕ್ಕ ಎರಡು ಸ್ಟ್ಯಾಂಡಿ, ನೇರಳೆ ಬೆಳಕಿನ ಕೆಳಗೆ ನಾಲ್ಕು ಲೆಟ್ಯೂಸ್ ಗಿಡ, ನಡುವೆ ಒಂದು ಡ್ರೋನ್. ಜನ ಡ್ರೋನ್ ಜೊತೆ ಸೆಲ್ಫಿ ತೆಗೆದುಕೊಂಡು ಕ್ಯಾಂಟೀನಿಗೆ ಹೋಗುತ್ತಾರೆ. ಏನು ನೋಡಿದಿರಿ ಎಂದು ಸಂಜೆ ಕೇಳಿದರೆ "ಡ್ರೋನ್ ಇತ್ತು" ಅನ್ನುತ್ತಾರೆ.

ಪುಣೆಯಲ್ಲಿ ಇದು ಇನ್ನೂ ದೊಡ್ಡ ನಷ್ಟ. ಹಿಂಜವಡಿ, ಖರಾಡಿಯ ಐಟಿ ಕಟ್ಟಡಗಳಲ್ಲಿ, ಚಾಕಣ, ಭೋಸರಿ, ತಳೇಗಾಂವದ ಕಾರ್ಖಾನೆಗಳಲ್ಲಿ ಅಥಣಿ, ಇಂಡಿ, ಆಳಂದ, ಬಸವಕಲ್ಯಾಣ ಕಡೆಯ ನಮ್ಮವರು ಎಷ್ಟೋ ಜನ. ಊರಲ್ಲಿ ನಾಲ್ಕೆಕರೆ ಇರುತ್ತದೆ, ಡ್ರಿಪ್ ಹಾಕಿಸೋಣವೋ ಬೇಡವೋ ಎಂದು ಅಪ್ಪ ಫೋನಿನಲ್ಲಿ ಕೇಳುತ್ತಿರುತ್ತಾರೆ. ಪಕ್ಕದ ಸೀಟಿನವರು ಹೊಲದ ಬದುವಿನ ಮೇಲೆ ಒಮ್ಮೆಯೂ ಕಾಲಿಟ್ಟವರಲ್ಲ. ಒಂದೇ ಮೇಜು ಇಬ್ಬರಿಗೂ ಆಗಬೇಕು. ಕೈಗೆ ಅಳತೆಯ ಪಾತ್ರೆ ಕೊಟ್ಟರೆ ಆಗುತ್ತದೆ, ಬರೀ ಬೋರ್ಡ್ ಓದಿಸಿದರೆ ಆಗುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪ್ರತಿ ಮೇಜಿಗೂ ಒಂದೇ ಶರತ್ತು: ಬಂದವರು ಅಲ್ಲಿ ಏನನ್ನಾದರೂ ಅಳೆಯಬೇಕು, ಒಂದು ಸಂಖ್ಯೆ ಬರೆದುಕೊಂಡು ಮುಂದೆ ಹೋಗಬೇಕು.

ಮೊದಲು ಸಮಯದ ಲೆಕ್ಕ

ಪ್ಲೈವುಡ್ ಕೊಯ್ಯುವ ಮೊದಲು ಎಚ್‌ಆರ್ ಹತ್ತಿರ ಎರಡು ಪ್ರಶ್ನೆ ಕೇಳಿ. ಒಬ್ಬ ನೌಕರ ಎಷ್ಟು ನಿಮಿಷ ಬಿಡುವಾಗಿ ಬರಬಲ್ಲ? ಒಟ್ಟು ಎಷ್ಟು ಹೊತ್ತು ಜಾಗ ನಮ್ಮದು? ಐಟಿ ಕಂಪನಿಯಲ್ಲಿ 11ರಿಂದ 4ರವರೆಗೆ ಜನ ಬಿಡಿಬಿಡಿಯಾಗಿ ಬರುತ್ತಾರೆ, ಅರ್ಧ ಗಂಟೆ ನಿಂತು ಮಾತನಾಡುತ್ತಾರೆ. ಕಾರ್ಖಾನೆಯಲ್ಲಿ ಹಾಗಲ್ಲ. ಊಟಕ್ಕೆ ತಂಡತಂಡವಾಗಿ ಬಿಡುತ್ತಾರೆ, ಊಟ ಮುಗಿಸಿದ ಮೇಲೆ ಉಳಿಯುವುದು ಹತ್ತು ನಿಮಿಷ. ಪಾಳಿ ಬದಲಾಗುವ ಹೊತ್ತಿನಲ್ಲಿ ಮಾತ್ರ ಇಪ್ಪತ್ತು ನಿಮಿಷ ಸಿಗಬಹುದು. ಆದರೆ ಕಂಪನಿ ಬಸ್ ಕಾಯುವುದಿಲ್ಲ ಎಂಬುದು ನೆನಪಿರಲಿ.

ಐದು ಮೇಜು, ಮೇಜಿಗೆ 4 ನಿಮಿಷ, ಗುಂಪಿಗೆ 8 ಜನ. ಒಂದು ಗುಂಪಿಗೆ ಒಟ್ಟು 20 ನಿಮಿಷ. ಪ್ರತಿ 4 ನಿಮಿಷಕ್ಕೆ ಹೊಸ ಗುಂಪು ಒಳಗೆ ಬಿಟ್ಟರೆ ಎರಡು ಗಂಟೆಯಲ್ಲಿ 26 ಗುಂಪು, ಅಂದರೆ 208 ಜನ. ಇದು ಕಾಗದದ ಲೆಕ್ಕ. ಎರಡನೇ ಗುಂಪು ತಡವಾಗುತ್ತದೆ, ಯಾರೋ ಊರಿನ ಬೋರ್‌ವೆಲ್ ಕಥೆ ತೆಗೆಯುತ್ತಾರೆ. 140 ಜನ ಎಂದೇ ಒಪ್ಪಿಕೊಳ್ಳಿ. ಕಾರ್ಖಾನೆಯ ಊಟದ ಬಿಡುವಿಗೆ ಐದನ್ನೂ ಹಾಕಬೇಡಿ. ನೀರಿನ ಮೇಜು, ಪಟ್ಟಿಯ (ಅಂದರೆ ರೈತನ ಮಾರಾಟದ ಬಿಲ್ಲಿನ) ಮೇಜು ಎರಡೇ ಸಾಕು.

ಗಾಡಿ, ಪೆಟ್ಟಿಗೆ, ಲಿಫ್ಟ್

ಟಾಟಾ ಏಸ್‌ನ, ಅಂದರೆ ಇಲ್ಲಿಯವರ ಛೋಟಾ ಹಾಥಿಯ, ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ. ಪ್ರತಿ ಮೇಜನ್ನೂ ಮುಚ್ಚಿದರೆ ಪೆಟ್ಟಿಗೆಯಾಗುವ ಹಾಗೆ ಮಾಡಿಸಿ: 4 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಎತ್ತರ. 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈ, ಮೂಲೆಗೆ ಅಲ್ಯೂಮಿನಿಯಂ ಆಂಗಲ್. ಗಾಡಿಯಲ್ಲಿ ಅಡ್ಡಡ್ಡ ಇಟ್ಟರೆ ಕೆಳಗೆ ಮೂರು, ಮೇಲೆ ಎರಡು ಕೂರುತ್ತವೆ. ಕೆಳಗಿನ ಮೂರಕ್ಕೆ 4 ಇಂಚಿನ ಬ್ರೇಕ್ ಇರುವ ಚಕ್ರ. 2 ಇಂಚಿನ ಚಕ್ರ ಅಗ್ಗ, ನಿಜ. ಆದರೆ ಲಿಫ್ಟ್ ಬಾಗಿಲಿನ ಸಂದಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಹಿಂದೆ ಹತ್ತು ಜನ ಟಿಫಿನ್ ಹಿಡಿದು ನಿಂತಿರುತ್ತಾರೆ. ಗಾಡಿಯಲ್ಲಿ ಸಾಗಿಸುವಾಗ ಭಾರ ಚಕ್ರದ ಮೇಲೆ ಬೀಳಬಾರದು, ಪೆಟ್ಟಿಗೆಯ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಡಿ. ಚಾಕಣ ರಸ್ತೆಯ ಒಂದೇ ಗುಂಡಿಗೆ ಚಕ್ರದ ಪ್ಲೇಟ್ ಬಾಗಿಬಿಡುತ್ತದೆ.

ನೀರು ಹೊತ್ತುಕೊಂಡು ಹೋಗಬೇಡಿ, ಅಲ್ಲೇ ತುಂಬಿಸಿಕೊಳ್ಳಿ. ಮಣ್ಣಿನ ಭಾರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. 60 ಸೆಂ.ಮೀ. ಉದ್ದ, 30 ಅಗಲ, 15 ಆಳದ ಒಂದು ಟ್ರೇ ಎಂದರೆ 27 ಲೀಟರ್, ಒಣ ಮಣ್ಣೇ 35 ಕೆಜಿ. 45, 30, 12ರ ಟ್ರೇ ಮಾಡಿ, 20 ಕೆಜಿಗೆ ಇಳಿಯುತ್ತದೆ, ಇಬ್ಬರು ಎತ್ತಬಹುದು.

ಹೋಗುವ ಕಂಪನಿಯ ಸರ್ವಿಸ್ ಲಿಫ್ಟಿನ ಬಾಗಿಲಿನ ಅಗಲವನ್ನು ಟೇಪ್ ಹಿಡಿದು ಅಳೆದ ಫೋಟೋ ತರಿಸಿಕೊಳ್ಳಿ. "ದೊಡ್ಡದಿದೆ" ಎಂಬ ಮಾತನ್ನು ನಂಬಬೇಡಿ.

ಒಂದನೇ ಮೇಜು: ನೀರು

ಇಡೀ ಪ್ರದರ್ಶನದ ಬೆನ್ನೆಲುಬು ಇದು. ಉಳಿದದ್ದೆಲ್ಲ ಕೈಕೊಟ್ಟರೂ ಇದೊಂದು ನಡೆದರೆ ದಿನ ನಡೆಯುತ್ತದೆ.

ಬೇಕಾದದ್ದು: 16 ಮಿ.ಮೀ. ಇನ್‌ಲೈನ್ ಡ್ರಿಪ್ ಪೈಪ್ 6 ಮೀಟರ್, 30 ಸೆಂ.ಮೀ.ಗೊಂದು ಡ್ರಿಪ್ಪರ್ (ನೀರು ಹನಿಸುವ ಬಾಯಿ), ಗಂಟೆಗೆ 2 ಲೀಟರಿನದು. ಮೇಜಿನ ಉದ್ದಕ್ಕೆ ಐದು ಸಾಲು ಹಾಕಿದರೆ ಸಾಲಿಗೆ 4, ಒಟ್ಟು 20 ಡ್ರಿಪ್ಪರ್. ಪೈಪನ್ನು ಬಗ್ಗಿಸಿ ಹಾವಿನಂತೆ ಹರಿಸಲು ಹೋಗಬೇಡಿ, ತಿರುವಿನಲ್ಲಿ ಮಡಚಿಕೊಂಡು ನೀರು ನಿಲ್ಲುತ್ತದೆ. ಒಂದು ಹೆಡರ್ ಪೈಪಿಗೆ ಟೀ ಜೋಡಿಸಿ ಸಾಲಿಗೊಂದು ಪುಟ್ಟ ವಾಲ್ವ್ ಕೊಡಿ, ತುದಿಗೆ ಎಂಡ್ ಕ್ಯಾಪ್. ಮುಂದೆ ಮುಕ್ಕಾಲು ಇಂಚಿನ 120 ಮೆಶ್ ಸ್ಕ್ರೀನ್ ಫಿಲ್ಟರ್, ಅದರಾಚೆ 0ರಿಂದ 2.5 ಕೆಜಿವರೆಗೆ (ಚದರ ಸೆಂ.ಮೀ.ಗೆ) ಒತ್ತಡ ತೋರಿಸುವ ಪ್ರೆಶರ್ ಗೇಜ್. ಕೆಳಗೆ ಜಾರುವ ಟ್ರೇ, ಅದರಿಂದ ನೀರು ಮತ್ತೆ 40 ಲೀಟರಿನ ಕಪ್ಪು ಟಬ್ಬಿಗೆ. ಪಾರದರ್ಶಕ ಟಬ್ ಚೆಂದ ಕಾಣುತ್ತದೆ, ಆದರೆ ಮೂರನೇ ದಿನಕ್ಕೆ ಪಾಚಿ.

ಪಂಪು 12 ವೋಲ್ಟಿನ ಡಯಾಫ್ರಾಂ ಮಾದರಿಯದು, ನಿಮಿಷಕ್ಕೆ 4 ಲೀಟರ್. ಎಲ್ಲರೂ ಎಡವುವ ಜಾಗ ಇಲ್ಲಿದೆ. 20 ಡ್ರಿಪ್ಪರ್ ಸೇರಿ ಗಂಟೆಗೆ ಕುಡಿಯುವುದು 40 ಲೀಟರ್, ಪಂಪು ತಳ್ಳುವುದು 240. ಒತ್ತಡ ಏರಿ ಪಂಪಿನ ಪ್ರೆಶರ್ ಸ್ವಿಚ್ ಆಫ್ ಆಗುತ್ತದೆ, ಮರುಗಳಿಗೆ ಆನ್, ಮತ್ತೆ ಆಫ್. ಟಕಟಕ ಸದ್ದಿನ ಜೊತೆ ಗೇಜಿನ ಮುಳ್ಳು ಕುಣಿಯುತ್ತದೆ, ಸಂಜೆಯೊಳಗೆ ಸ್ವಿಚ್ ಸುಟ್ಟುಹೋಗುತ್ತದೆ. ಪರಿಹಾರ ಸರಳ: ಪಂಪಿನ ಆಚೆ ಒಂದು ಟೀ, ಒಂದು ಬಾಲ್ ವಾಲ್ವ್, ಹೆಚ್ಚಾದ ನೀರು ಬೈಪಾಸ್ ಆಗಿ ಟಬ್ಬಿಗೆ ವಾಪಸ್. ವಾಲ್ವ್ ತಿರುಗಿಸಿ ಗೇಜನ್ನು ಸರಿಯಾಗಿ 1 ಕೆಜಿಗೆ ನಿಲ್ಲಿಸಿ. ಇದೇ ವಾಲ್ವ್ ಮುಂದೆ ಪಾಠಕ್ಕೂ ಬೇಕು.

ರಸಗೊಬ್ಬರ ಎಳೆಯುವ ವೆಂಚುರಿಯನ್ನು ಈ ಪಂಪಿಗೆ ಜೋಡಿಸಿ ತೋರಿಸುತ್ತೇವೆ ಎಂದು ಹೊರಡಬೇಡಿ. ಅದಕ್ಕೆ ಬೇಕಾದ ಹರಿವು ಇಷ್ಟು ಚಿಕ್ಕ ಪಂಪಿನಲ್ಲಿ ಇಲ್ಲ, ಎಳೆಯುವುದಿಲ್ಲ. ಅರ್ಧಕ್ಕೆ ಕೊಯ್ದ ಒಂದು ಹಳೆಯ ವೆಂಚುರಿ ಕೈಗೆ ಕೊಡಿ, ಒಳಗಿನ ಕಿರಿದಾದ ಕುತ್ತಿಗೆ ನೋಡಿದರೆ ಅರ್ಥವಾಗುತ್ತದೆ.

ಈಗ ಅಳತೆ. ಗಂಟೆಗೆ 2 ಲೀಟರ್ ಎಂದರೆ 3 ನಿಮಿಷಕ್ಕೆ ಕರಾರುವಾಕ್ಕಾಗಿ 100 ಮಿ.ಲೀ. ಎಂಟು ಜನಕ್ಕೆ ಎಂಟು ಅಳತೆಯ ಲೋಟ, ಎಂಟು ಡ್ರಿಪ್ಪರ್, ಒಂದು ಟೈಮರ್. ಮೂರು ನಿಮಿಷದ ನಂತರ ಎಲ್ಲರೂ ಲೋಟ ಸಾಲಾಗಿ ಇಡಲಿ. ಏಳು ಲೋಟದಲ್ಲಿ 95ರಿಂದ 105, ಒಂದರಲ್ಲಿ 60. ಆ ಒಂದು ಡ್ರಿಪ್ಪರನ್ನು ನೀವೇ ಮೊದಲೇ ಅರ್ಧ ಕಟ್ಟಿಸಿರಬೇಕು, ಬಾಯಿಯ ಮೇಲೆ ಎಂ-ಸೀಲ್‌ನ ಒಂದು ಚೂರು ಸಾಕು. ಏನೂ ಹೇಳಬೇಡಿ. ಯಾರೋ ಒಬ್ಬರು "ನಂದು ಕಮ್ಮಿ ಬಂತಲ್ಲ" ಅನ್ನುವವರೆಗೆ ಕಾಯಿರಿ. ಬೋರ್ ನೀರಿನ ಸುಣ್ಣ ಡ್ರಿಪ್ಪರಿನಲ್ಲಿ ಕಟ್ಟುವುದು, ಅದನ್ನು ಆಮ್ಲ ಬಿಟ್ಟು ಕರಗಿಸುವುದು, ಫಿಲ್ಟರ್ ತೊಳೆಯದ ರೈತನ ಹೊಲದಲ್ಲಿ ಬೆಳೆ ಮಚ್ಚೆಮಚ್ಚೆಯಾಗಿ ಏಳುವುದು, ಇವೆಲ್ಲ ಆ ಒಂದು ಪ್ರಶ್ನೆಯ ಬೆನ್ನಿಗೆ ಹೇಳಬಹುದು.

ಸಮಯ ಇದ್ದರೆ ಬೈಪಾಸ್ ವಾಲ್ವ್ ತೆರೆದು ಗೇಜನ್ನು ಕಾಲು ಕೆಜಿಗೆ ಇಳಿಸಿ ಇನ್ನೊಮ್ಮೆ ಅಳೆಯಿಸಿ. ಸಾಮಾನ್ಯ ಡ್ರಿಪ್ಪರಿನಲ್ಲಿ ಒತ್ತಡ ನಾಲ್ಕನೇ ಒಂದಕ್ಕೆ ಇಳಿದರೆ ನೀರು ಹೆಚ್ಚುಕಡಿಮೆ ಅರ್ಧವಾಗುತ್ತದೆ: 50 ಮಿ.ಲೀ. ಹಳ್ಳಿಯಲ್ಲಿ ವೋಲ್ಟೇಜ್ ಬಿದ್ದಾಗ ಸಾಲಿನ ಕೊನೆಯ ಗಿಡಕ್ಕೆ ಏನಾಗುತ್ತದೆ ಎಂಬುದು ಲೋಟದಲ್ಲೇ ಕಾಣುತ್ತದೆ. ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ ತರಬೇಡಿ, ಅದು ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ.

ಗೋಡೆಯ ಬೋರ್ಡಿನಲ್ಲಿ ಈ ಲೆಕ್ಕ ಇರಲಿ, ದೊಡ್ಡ ಅಕ್ಷರದಲ್ಲಿ: ಒಂದು ಗುಂಟೆಗೆ ಒಂದು ಮಿ.ಮೀ. ನೀರು ಎಂದರೆ 101 ಲೀಟರ್, ಎಕರೆಗೆ 4047 ಲೀಟರ್. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್, ಡ್ರಿಪ್ಪರಿನಿಂದ ಡ್ರಿಪ್ಪರಿಗೆ 30 ಸೆಂ.ಮೀ. ಇದ್ದರೆ ಎಕರೆಗೆ ಸುಮಾರು 9000 ಡ್ರಿಪ್ಪರ್, ಗಂಟೆಗೆ 18 ಸಾವಿರ ಲೀಟರ್. ಬೆಳೆಗೆ ಆ ದಿನ 4 ಮಿ.ಮೀ. ಬೇಕಾದರೆ ಪಂಪು ಓಡಬೇಕಾದದ್ದು 54 ನಿಮಿಷ. ಗುಂಟೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ, ಎಕರೆಗೆ 40. ಹೆಕ್ಟೇರ್ ಬರೆದರೆ ರೈತರ ಮಕ್ಕಳೂ ಫೋನ್ ತೆಗೆಯುತ್ತಾರೆ.

ವಿದ್ಯುತ್ತಿನ ಒಂದು ಮಾತು: ನೀರಿನ ಮೇಜಿನ ಎಕ್ಸ್‌ಟೆನ್ಶನ್ ಬೋರ್ಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ. 12 ವೋಲ್ಟಿನ ಅಡಾಪ್ಟರ್ ಮೇಜಿನ ಮೇಲಿನ ಹಲಗೆಯಲ್ಲಿರಲಿ, ಟಬ್ಬಿನ ಪಕ್ಕ ಅಲ್ಲ. ನೀರಿಗೆ ಬಣ್ಣ ಹಾಕುವ ಆಸೆ ಬಂದರೆ ಕಂಪನಿಯ ಕಾರ್ಪೆಟ್ ಒಮ್ಮೆ ನೋಡಿಕೊಳ್ಳಿ.

ಎರಡನೇ ಮೇಜು: ಮಣ್ಣು ಮತ್ತು ಸೆನ್ಸರ್

ಎರಡು ಟ್ರೇ, ಒಂದರಲ್ಲಿ ಎರೆ (ಕಪ್ಪು) ಮಣ್ಣು, ಇನ್ನೊಂದರಲ್ಲಿ ಕೆಂಪು ಮರಳು ಮಣ್ಣು, ಮುಂಭಾಗಕ್ಕೆ ಅಕ್ರಿಲಿಕ್ ಗಾಜು. ಮಣ್ಣನ್ನು ಎರಡು ದಿನ ಬಿಸಿಲಿಗೆ ಹರಡಿ, ಜರಡಿ ಹಿಡಿದು ತುಂಬಿ, ಇಲ್ಲವಾದರೆ ಕಾನ್ಫರೆನ್ಸ್ ರೂಮಿನಲ್ಲಿ ಇರುವೆ ಮೆರವಣಿಗೆ. ಗಾಜಿಗೆ ತಾಗಿದಂತೆ ಒಂದೊಂದು ಡ್ರಿಪ್ಪರ್ ಇಟ್ಟು, ಜನ ಬರುವ ಒಂದು ಗಂಟೆ ಮೊದಲು ನೀರು ಬಿಡಿ. ಎರೆಯಲ್ಲಿ ಒದ್ದೆ ಅಗಲವಾಗಿ ಹರಡಿ ಆಳಕ್ಕೆ ಇಳಿದಿರುವುದಿಲ್ಲ, ಮರಳು ಮಣ್ಣಿನಲ್ಲಿ ಮೂಲಂಗಿಯ ಹಾಗೆ ಕೆಳಗೆ ಇಳಿದಿರುತ್ತದೆ. ಸ್ಕೇಲ್ ಕೊಟ್ಟು ಎರಡರ ಅಗಲ ಮತ್ತು ಆಳ ಅಳೆಯಿಸಿ. ಎರಡೂ ಹೊಲಕ್ಕೆ ಒಂದೇ ಅಂತರದ ಡ್ರಿಪ್ಪರ್ ಯಾಕೆ ಆಗದು ಎಂಬುದಕ್ಕೆ ಬೇರೆ ಬೋರ್ಡ್ ಬೇಡ.

ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಸೆಂಟಿಬಾರಿನಲ್ಲಿ ತೋರಿಸುವ ಟೆನ್ಸಿಯೋಮೀಟರ್ ಇಲ್ಲಿ ಇಡಿ, ಆದರೆ ಎಚ್ಚರದಿಂದ. ಕುದಿಸಿ ಆರಿಸಿದ ನೀರು ತುಂಬಬೇಕು, ತುದಿಯ ಸೆರಾಮಿಕ್ ಕಪ್ ಹಿಂದಿನ ರಾತ್ರಿಯಿಡೀ ನೆನೆದಿರಬೇಕು, ಚುಚ್ಚುವ ತೂತಿಗೆ ತೆಳು ಕೆಸರು ಸುರಿದು ಕೂರಿಸಬೇಕು. ಎಸಿ ಕೋಣೆಯಲ್ಲಿ ಮಣ್ಣು ತೀರಾ ಒಣಗಿ 80 ಸೆಂಟಿಬಾರ್ ದಾಟಿದರೆ ಒಳಗೆ ಗಾಳಿ ಹೊಕ್ಕು ಮುಳ್ಳು ಸೊನ್ನೆಗೆ ಬೀಳುತ್ತದೆ. ಸೊನ್ನೆ ಎಂದರೆ ಪೂರ್ತಿ ಒದ್ದೆ ಎಂದರ್ಥ! ಬಿರುಕು ಬಿಟ್ಟ ಮಣ್ಣಿನ ಮೇಲೆ "ನೀರು ಸಾಕು" ಎನ್ನುವ ಉಪಕರಣ. ಹೀಗಾದರೆ ಮುಚ್ಚಿಡಬೇಡಿ, ಅದನ್ನೇ ತೋರಿಸಿ. ಉಪಕರಣ ಹೇಳಿದ್ದನ್ನು ಕಣ್ಣು ಒಪ್ಪುತ್ತದೆಯೇ ಎಂದು ನೋಡುವುದೂ ಬೇಸಾಯದ ಕೆಲಸವೇ.

ಐಟಿಯವರು ನಿಲ್ಲುವುದು ಪಕ್ಕದ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಮುಂದೆ. ತೇವ ಓದಲು ಕೆಪಾಸಿಟಿವ್ ಸೆನ್ಸರ್ ಬಳಸಿ. ಎರಡು ಲೋಹದ ಕಡ್ಡಿಯ ಅಗ್ಗದ ಮಾದರಿ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಕೆಪಾಸಿಟಿವ್ ಸೆನ್ಸರಿನ ಅಂಚಿನಿಂದ ನೀರು ಒಳಗಿಳಿಯದಂತೆ ನೇಲ್ ಪಾಲಿಶ್ ಎರಡು ಕೋಟ್ ಬಳಿಯಿರಿ. ಸಿಗ್ನಲ್ ತಂತಿಯನ್ನು ಎಡಿಸಿ1 ಗುಂಪಿನ (ವೋಲ್ಟೇಜನ್ನು ಅಂಕಿಯಾಗಿ ಓದುವ) ಪಿನ್ನಿಗೇ ಕೊಡಿ, ಉದಾಹರಣೆಗೆ 34. ಎಡಿಸಿ2 ಪಿನ್‌ಗಳು ವೈಫೈ ಆನ್ ಇದ್ದಾಗ ಓದುವುದಿಲ್ಲ. ಮನೆಯಲ್ಲಿ ನಡೆದದ್ದು ಅಲ್ಲಿ ನಡೆಯದೆ ತಲೆ ಕೆರೆದುಕೊಳ್ಳುವುದಕ್ಕೆ ಅರ್ಧ ಸಲ ಕಾರಣ ಇದೇ. ಇನ್ನರ್ಧ ಸಲ ಕಂಪನಿಯ ವೈಫೈ ನಿಮ್ಮ ಬೋರ್ಡನ್ನು ಒಳಗೇ ಬಿಡುವುದಿಲ್ಲ. ಇಎಸ್‌ಪಿ32 ತಾನೇ ಹಾಟ್‌ಸ್ಪಾಟ್ ಆಗುವ ಹಾಗೆ ಬರೆದುಕೊಳ್ಳಿ, ಜನ ಫೋನಿನಲ್ಲಿ ಅದಕ್ಕೇ ಸೇರಿ ಅಂಕಿ ನೋಡಲಿ.

ಚಟುವಟಿಕೆ: ಸೆನ್ಸರನ್ನು ಒಣ ಎರೆ, ಒಣ ಕೆಂಪು, ನೀರು ತುಂಬಿದ ಎರೆ, ನೀರು ತುಂಬಿದ ಕೆಂಪು ನಾಲ್ಕರಲ್ಲೂ ಚುಚ್ಚಿ ಕಚ್ಚಾ ಅಂಕಿ ಬರೆದುಕೊಳ್ಳುವುದು. ಒದ್ದೆಯಾದಷ್ಟೂ ಅಂಕಿ ಇಳಿಯುತ್ತದೆ, ಇದು ಮೊದಲ ಅಚ್ಚರಿ. ಎರಡು ಮಣ್ಣಿಗೆ ಎರಡು ಬೇರೆ ಅಂಕಿ, ಇದು ಎರಡನೆಯದು. ಆ್ಯಪ್‌ನಲ್ಲಿ ಕಾಣುವ "ತೇವ 40 ಪರ್ಸೆಂಟ್" ಯಾವ ಮಣ್ಣಿಗೆ ಹೊಂದಿಸಿದ್ದು ಎಂದು ಮುಂದೆ ಅವರೇ ಕೇಳುತ್ತಾರೆ. ಎಐ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಬಾರಾಮತಿಯ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಬ್ಬಿನಲ್ಲಿ ಎಐ ಬಳಸಿ ಪ್ರಯೋಗ ನಡೆಸಿದೆ ಎಂದು ಹೇಳಿ, ಅಲ್ಲಿಗೆ ಹೋಗುವ ಅಂಕಿಗಳಲ್ಲೂ ಮಣ್ಣಿನಲ್ಲಿ ಚುಚ್ಚಿದ ಇಂಥ ಕಡ್ಡಿಗಳದೂ ಪಾಲಿದೆ ಎಂದು ತೋರಿಸಿ.

ಮೂರನೇ ಮೇಜು: ಸಿಂಪರಣೆ

ಬರೀ ನೀರು. ಔಷಧದ ಬಾಟಲಿ, ತೊಳೆದ ಖಾಲಿ ಡಬ್ಬಿ, ಏನನ್ನೂ ಕಂಪನಿಯೊಳಗೆ ತರಬೇಡಿ. ಬದಲಿಗೆ ಲೇಬಲ್ಲನ್ನು ಎರಡಡಿ ದೊಡ್ಡದಾಗಿ ಮುದ್ರಿಸಿ. ಮೂಲೆಯ ತ್ರಿಕೋನ ಕೆಂಪಾದರೆ ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಸಾವಯವ ಎಂದು ತಿಳಿದವರು ಎಷ್ಟು ಜನ ಸಿಗುತ್ತಾರೆ ನೋಡಿ.

ಅಕ್ರಿಲಿಕ್ ಪೆಟ್ಟಿಗೆಯೊಳಗೆ ಕೃತಕ ಎಲೆಗಳು, ಪ್ರತಿ ಎಲೆಯ ಮೇಲೂ ಅಡಿಗೂ ವಾಟರ್ ಸೆನ್ಸಿಟಿವ್ ಪೇಪರಿನ ತುಂಡು. ಈ ಹಳದಿ ಕಾಗದ ಹನಿ ಬಿದ್ದಲ್ಲಿ ನೀಲಿಯಾಗುತ್ತದೆ. ಒಂದು ಲೀಟರಿನ ಕೈಪಂಪಿನಿಂದ ಎರಡು ಸೆಕೆಂಡ್ ಹೊಡೆಯಲು ಹೇಳಿ, ಕಾಗದ ತೆಗೆದು ನೋಡಿಸಿ. ಮೇಲಿನದು ಪೂರ್ತಿ ನೀಲಿ, ಅಂದರೆ ಹನಿಗಳು ಕೂಡಿಕೊಂಡು ನೆಲಕ್ಕೆ ಹರಿದಿವೆ. ಅಡಿಯದು ಹಳದಿಯೇ ಉಳಿದಿದೆ, ಬಿಳಿನೊಣ ಕೂರುವುದು ಅಲ್ಲೇ. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಂಡ ಫಾಲ್ ಸೈನಿಕ ಹುಳು ಮೆಕ್ಕೆಜೋಳದ ಸುಳಿಯೊಳಗೆ ಕೂರುತ್ತದೆ. ಎಲೆಯೆಲ್ಲ ತೊಯ್ಯಿಸಿ ಸುಳಿ ಬಿಟ್ಟರೆ ದುಡ್ಡು ನೆಲಕ್ಕೆ. ಕೀಟನಾಶಕಕ್ಕೆ ಹಾಲೋ ಕೋನ್ ನಾಝಲ್, ಕಳೆನಾಶಕಕ್ಕೆ ಫ್ಲ್ಯಾಟ್ ಫ್ಯಾನ್. ಎರಡನ್ನೂ ಬದಲಿಸಿ ಹೊಡೆದು ಕಾಗದದ ಮೇಲಿನ ಗುರುತು ಹೋಲಿಸಲಿ. ಈ ಕಾಗದವನ್ನು ಇಕ್ಕಳದಿಂದಲೇ ಹಿಡಿಯಬೇಕು. ಬೆವರಿನ ಬೆರಳು ತಾಗಿದರೂ ನೀಲಿ, ಮಳೆಗಾಲದ ಹವೆಗೂ ನೀಲಿ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ದಿನಕ್ಕೆ ಬೇಕಾದಷ್ಟನ್ನೇ ಹೊರತೆಗೆಯಿರಿ.

ಪಕ್ಕದಲ್ಲಿ ಬಂಗಾರದಂಗಡಿ ಮಾದರಿಯ ಚಿಕ್ಕ ತಕ್ಕಡಿ, ಒಂದು ಬಟ್ಟಲು ಉಪ್ಪು. ಲೆಕ್ಕ: ಲೇಬಲ್ಲಿನಲ್ಲಿ ಎಕರೆಗೆ 200 ಲೀಟರ್ ನೀರಿಗೆ 80 ಗ್ರಾಂ ಎಂದಿದೆ, ಬೆನ್ನಿನ ಪಂಪಿಗೆ 16 ಲೀಟರ್ ಹಿಡಿಯುತ್ತದೆ, ಒಂದು ಪಂಪಿಗೆ ಎಷ್ಟು? 6.4 ಗ್ರಾಂ, ಹನ್ನೆರಡೂವರೆ ಪಂಪು. ಈಗ ಕಣ್ಣಂದಾಜಿನಲ್ಲಿ 6.4 ಗ್ರಾಂ ಉಪ್ಪು ಎತ್ತಿ ತೂಗಲಿ. ಬಾಟಲಿಯ ಮುಚ್ಚಳದಲ್ಲಿ ಔಷಧ ಅಳೆಯುವ ರೈತನನ್ನು ಬೈಯುವವರ ಬಾಯಿ ಅಲ್ಲಿಗೆ ನಿಲ್ಲುತ್ತದೆ.

ಡ್ರೋನ್ ಇಡಲೇಬೇಕು ಎಂದು ಕಂಪನಿಯವರು ಹಟ ಹಿಡಿದರೆ ಇದೇ ಮೇಜಿನ ಪಕ್ಕ ಇಡಿ, ರೆಕ್ಕೆ ಬಿಚ್ಚಿ, ಬ್ಯಾಟರಿ ತೆಗೆದು. 10 ಲೀಟರ್ ಟ್ಯಾಂಕಿನ ಪಕ್ಕ 200 ಲೀಟರಿನ ಡ್ರಮ್ ನಿಲ್ಲಿಸಿದರೆ ಸಾಕು, ಡ್ರೋನ್ ಸುಮಾರು ಹತ್ತು ಲೀಟರಿನಲ್ಲಿ ಎಕರೆ ಮುಗಿಸುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಹಾರಿಸುವ ಮಾತೇ ಬೇಡ: ಲೋಹೆಗಾಂವದಲ್ಲಿ ವಾಯುಪಡೆಯ ನೆಲೆ ಇದೆ, 2021ರ ಡ್ರೋನ್ ನಿಯಮಗಳಿವೆ.

ನಾಲ್ಕನೇ ಮೇಜು: ಸಸಿ

98 ಗುಳಿಯ ಪ್ರೋಟ್ರೇಯಲ್ಲಿ ಟೊಮೆಟೊ ಸಸಿ, ಬಿತ್ತಿ ಮೂರು ವಾರ ಆದದ್ದು. ಟ್ರೇಗೆ ಸುಮಾರು 1.2 ಕೆಜಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಪಕ್ಕದಲ್ಲಿ ಒಂಟಿ ಕಣ್ಣಿನ, ಅಂದರೆ ಒಂದೇ ಮೊಗ್ಗಿನ ತುಂಡಿನಿಂದ ಬೆಳೆಸಿದ, ಕಬ್ಬಿನ ಸಸಿ. 5 ಅಡಿ ಸಾಲು, ಸಾಲಿನಲ್ಲಿ 2 ಅಡಿಗೊಂದು ನೆಟ್ಟರೆ ಎಕರೆಗೆ 4356 ಸಸಿ. ಮೂರು ಕಣ್ಣಿನ ತುಂಡು ಹೂಳುವ ಹಳೆಯ ಪದ್ಧತಿಗೆ ಎಕರೆಗೆ ಎರಡೂವರೆ ಮೂರು ಟನ್ ಬೀಜದ ಕಬ್ಬೇ ಬೇಕು.

ಇಲ್ಲಿ ಅಳೆಯಬೇಕಾದದ್ದು ಬೆಳಕು. ಫೋನಿನ ಲಕ್ಸ್ ಆ್ಯಪ್ ತೆರೆದು ತಮ್ಮ ಮೇಜಿನ ಬೆಳಕು ನೋಡಲಿ: 300ರಿಂದ 500. ಆಮೇಲೆ ಹೊರಗೆ ಹೋಗಿ ನೋಡಲಿ: ಮಧ್ಯಾಹ್ನದ ಬಯಲಿನಲ್ಲಿ ಲಕ್ಷದ ಹತ್ತಿರ. ಕಣ್ಣಿಗೆ ಎರಡೂ ಬೆಳಕೇ, ಗಿಡಕ್ಕೆ ಒಂದು ಕತ್ತಲೆ. ನಿಮ್ಮ ಸಸಿಗಳಿಗೂ ಇದೇ ಗತಿ, ಎರಡು ದಿನ ಆಫೀಸಿನಲ್ಲಿಟ್ಟರೆ ಕುತ್ತಿಗೆ ಉದ್ದ ಮಾಡಿ ಬಾಗುತ್ತವೆ. ಮೂರು ಸೆಟ್ ಬೆಳೆಸಿ. ಒಂದು ಸೆಟ್ ಎರಡು ದಿನ ಕೆಲಸಕ್ಕೆ, ನಾಲ್ಕು ದಿನ ನೆರಳುಪರದೆಯ ಕೆಳಗೆ ವಿಶ್ರಾಂತಿಗೆ.

ಓಡುವ ನೀರಿನ ಹೈಡ್ರೋಪೋನಿಕ್ಸ್ ಬೇಡ. ರಾತ್ರಿ ಸೆಕ್ಯುರಿಟಿಯವರು ಮೇನ್ ಸ್ವಿಚ್ ಆಫ್ ಮಾಡುತ್ತಾರೆ, ತೆಳು ನೀರಿನ ಚಾನೆಲ್ಲಿನ ಬೇರು ಕೆಲವೇ ಗಂಟೆಯಲ್ಲಿ ಒಣಗುತ್ತದೆ. ತೋರಿಸಲೇಬೇಕಿದ್ದರೆ ಪಂಪಿಲ್ಲದ ಡಬ್ಬಿಯಲ್ಲಿ ಬೇರು ಇಳಿಬಿಟ್ಟ ಲೆಟ್ಯೂಸ್, ಪಕ್ಕದಲ್ಲಿ ಪಿಎಚ್ ಮೀಟರ್. 5.5ರಿಂದ 6.5ರ ನಡುವೆ ಇರಬೇಕು.

ಐದನೇ ಮೇಜು: ಪಟ್ಟಿ

ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಾಗಲಿ ನಮ್ಮ ಕಡೆಯ ಎಪಿಎಂಸಿಯಲ್ಲಾಗಲಿ ರೈತನ ಕೈಗೆ ಬರುವ ಬಿಲ್ಲಿಗೆ ಪಟ್ಟಿ ಅನ್ನುತ್ತಾರೆ. ಪರಿಚಯದ ರೈತರಿಂದ ನಿಜವಾದ ಮೂರು ಪಟ್ಟಿ ಪಡೆಯಿರಿ: ಬೆಲೆ ಏರಿದ್ದಾಗಿನದು, ನಡುವಿನದು, ಬಿದ್ದಾಗಿನದು. ಹೆಸರು ಮತ್ತು ನಂಬರ್ ಅಳಿಸಿ ದೊಡ್ಡದಾಗಿ ಮುದ್ರಿಸಿ. ಹಮಾಲಿ, ತೂಕ, ಬಾಡಿಗೆ ಕಳೆದು ಉಳಿಯುವ ಮೊತ್ತದ ಕೊನೆಯ ಸಾಲನ್ನು ಮುಚ್ಚಿಡಿ. ಕ್ಯಾಲ್ಕುಲೇಟರ್ ಕೊಟ್ಟು, 20 ಕೆಜಿ ಕ್ರೇಟಿನ ಲೆಕ್ಕದಲ್ಲಿ ರೈತನಿಗೆ ಕೆಜಿಗೆ ಎಷ್ಟು ಉಳಿಯಿತು ಎಂದು ಬರೆಯಲು ಹೇಳಿ, ಆಮೇಲೆ ಮುಚ್ಚಳ ತೆಗೆಯಿರಿ. ಪಕ್ಕದಲ್ಲಿ ಅದೇ ದಿನ ತರಕಾರಿ ತರಿಸುವ ಆ್ಯಪ್‌ನಲ್ಲಿ ಟೊಮೆಟೊ ಬೆಲೆ ಎಷ್ಟಿತ್ತು ಎಂಬ ಸ್ಕ್ರೀನ್‌ಶಾಟ್ ಇರಲಿ. ಅಂಕಿಗಳನ್ನು ನೀವು ಕಟ್ಟಬೇಡಿ. ಕಟ್ಟಿದ ಲೆಕ್ಕವನ್ನು ರೈತನ ಮಗ ಒಂದೇ ನೋಟದಲ್ಲಿ ಹಿಡಿಯುತ್ತಾನೆ, ಆಮೇಲೆ ಉಳಿದ ನಾಲ್ಕು ಮೇಜಿನ ಮಾತನ್ನೂ ನಂಬುವುದಿಲ್ಲ.

ಡ್ರಿಪ್, ಸೆನ್ಸರ್, ಸಸಿ ಎಲ್ಲ ನೋಡಿದ ಮೇಲೆಯೇ ಈ ಮೇಜು ಬರಬೇಕು. ಇಷ್ಟೆಲ್ಲ ಖರ್ಚಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ.

ಮಾತು ಯಾವ ಭಾಷೆಯಲ್ಲಿ

ಬೋರ್ಡಿನಲ್ಲಿ ಮೇಲೆ ಮರಾಠಿ, ಕೆಳಗೆ ಕನ್ನಡ ಮತ್ತು ಇಂಗ್ಲಿಷ್. ವಿವರಿಸುವವರು ಕನ್ನಡದವರಾದರೂ ಮರಾಠಿಯ ಹೊಲದ ಮಾತು ಬಾಯಲ್ಲಿರಬೇಕು: ಹನಿ ನೀರಾವರಿಗೆ ಠಿಬಕ್, ಸಿಂಪರಣೆಗೆ ಫವಾರಣಿ, ಕಬ್ಬಿಗೆ ಊಸ್, ಉಳ್ಳಾಗಡ್ಡಿಗೆ ಕಾಂದಾ, ಕೊಟ್ಟಿಗೆ ಗೊಬ್ಬರಕ್ಕೆ ಶೇಣಖತ್, ಸರ್ವೆ ನಂಬರಿಗೆ ಗಟ್ ನಂಬರ್. ಉತಾರ (ಪಹಣಿ), ಗುಂಟೆ, ಪಟ್ಟಿ ಎರಡೂ ಕಡೆ ನಡೆಯುತ್ತವೆ. ಮೇಜಿಗೊಬ್ಬರು, ಮಾತು 40 ಸೆಕೆಂಡ್, ಉಳಿದ ಸಮಯ ನೌಕರರ ಕೈಗೆ. ಕಾರ್ಖಾನೆಯಲ್ಲಿ ವಿವರಿಸುವವರಿಗಿಂತ ಹೆಚ್ಚು ತಿಳಿದ ಆಪರೇಟರ್ ಸಿಕ್ಕೇ ಸಿಗುತ್ತಾನೆ, ಅವನಿಗೇ ಲೋಟ ಕೊಟ್ಟು ಪಕ್ಕಕ್ಕೆ ಸರಿಯಿರಿ.

ವಿಷಯ ಸರಿಯಿದೆಯೇ ಎಂದು ತೋರಿಸಿಕೊಳ್ಳಲು ಹತ್ತಿರದಲ್ಲೇ ಜಾಗಗಳಿವೆ: ಶಿವಾಜಿನಗರದ ಕೃಷಿ ಕಾಲೇಜು, ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಮತ್ತು ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್, ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯ, ನಾರಾಯಣಗಾಂವ ಮತ್ತು ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರಗಳು. ಕನ್ನಡದ ಕರಪತ್ರಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ.

ಗೇಟು ಮತ್ತು ಪಂಚಾಂಗ

ಪ್ರದರ್ಶನ ಹೆಚ್ಚಾಗಿ ಸೋಲುವುದು ಗೇಟಿನಲ್ಲಿ. ರಿಟರ್ನೇಬಲ್ ಗೇಟ್ ಪಾಸ್ ಮೂರು ದಿನ ಮೊದಲೇ ಮಾಡಿಸಿ. ಪಾಸಿನ ಯಾದಿಯಲ್ಲಿ ಪಂಪು, ಅಡಾಪ್ಟರ್, ಬೋರ್ಡ್, ತಕ್ಕಡಿ ಎಲ್ಲದರ ಸೀರಿಯಲ್ ನಂಬರ್ ಇರಲಿ. "ಇತರೆ ಸಾಮಾನು" ಎಂದು ಬರೆದ ಸಾಲಿಗೆ ಗಾಡಿ ಒಂದು ಗಂಟೆ ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಾದರೆ ಧೂಳಿನ ಬಗ್ಗೆ ಮೊದಲೇ ಕೇಳಿ, ಮಣ್ಣಿನ ಟ್ರೇಗಳಿಗೆ ಮೇಲೂ ಅಕ್ರಿಲಿಕ್ ಮುಚ್ಚಳ ಹಾಕಿಸಿ. ಹಿಂಜವಡಿಗೆ ಬೆಳಿಗ್ಗೆ 8ರೊಳಗೆ ತಲುಪಿ, 9 ದಾಟಿದರೆ ಟ್ರಾಫಿಕ್ಕಿನಲ್ಲಿ ಸಸಿ ಬಾಡುತ್ತದೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜುಲೈ, ಆಗಸ್ಟಿನ ಮಳೆಯಲ್ಲಿ ಪ್ಲೈ ಉಬ್ಬುತ್ತದೆ. ಜ್ಯೇಷ್ಠ ಬಹುಳದಲ್ಲಿ ಆಳಂದಿ, ದೇಹುವಿನಿಂದ ಪಂಢರಪುರಕ್ಕೆ ಪಾಲಖಿ ಹೊರಡುವ ದಿನಗಳಲ್ಲಿ ನಗರದ ರಸ್ತೆಗಳು ಬಂದ್, ಗಣಪತಿ ಹಬ್ಬದ ಹತ್ತು ದಿನ ಯಾರಿಗೂ ಪುರುಸೊತ್ತಿಲ್ಲ. ಜನವರಿಯಲ್ಲಾದರೆ ಮಾಲದಂಡಿ ಜೋಳದ ಎಳೆ ತೆನೆಯ ಒಂದು ಕಟ್ಟು ತಂದು ಮೇಜಿನ ಮೇಲಿಡಿ. ಇಲ್ಲಿಯವರಿಗೆ ಅದು ಹುರಡಾ, ನಮಗೆ ಸೀತನಿ. ಸುಡಲು ಬೆಂಕಿಗೆ ಅನುಮತಿ ಸಿಗುವುದಿಲ್ಲ, ಆದರೆ ಅದರ ವಾಸನೆಗೇ ಜನ ನಿಲ್ಲುತ್ತಾರೆ.

ಕೈಗೆ ಕೊಟ್ಟು ಕಳಿಸುವುದು

ಪೆನ್ನು, ಕ್ಯಾಪ್ ಬೇಡ. ಅರ್ಧ ಕೆಜಿ ಹಿಡಿಯುವ ದಪ್ಪ ಬಟ್ಟೆಯ ಚೀಲ, ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಮಣ್ಣಿನ ಮಾದರಿ ತೆಗೆಯುವ ಕ್ರಮ. ದೀಪಾವಳಿಗೋ ಯುಗಾದಿಗೋ ಊರಿಗೆ ಹೋದಾಗ ಬಳಸಲಿ. ಮುದ್ರಿಸಬೇಕಾದ್ದು ಇಷ್ಟು: ಬದು, ಬಾವಿ, ಮರದ ನೆರಳು, ತಿಪ್ಪೆ ಬಿಟ್ಟು ಎಕರೆಗೆ ಎಂಟು ಹತ್ತು ಕಡೆ ಅಂಕುಡೊಂಕಾಗಿ ಜಾಗ ಆರಿಸಿ. ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ. ತುಕ್ಕಿನ ಕಬ್ಬಿಣದ ಬುಟ್ಟಿ ಬೇಡ, ಲಘು ಪೋಷಕಾಂಶದ ಅಂಕಿ ಕೆಡುತ್ತದೆ. ವೃತ್ತವಾಗಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ. ಗೊಬ್ಬರ ಹಾಕಿ ತಿಂಗಳೊಳಗಿದ್ದರೆ ತೆಗೆಯಬೇಡಿ, ಗೊಬ್ಬರದ ಖಾಲಿ ಚೀಲದಲ್ಲಂತೂ ತುಂಬಲೇಬೇಡಿ. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಗಂಧಕದಿಂದ ಹಿಡಿದು ಸತು, ಬೋರಾನ್, ಪಿಎಚ್‌ವರೆಗೆ 12 ಅಂಕಿ ಬರುತ್ತವೆ.

ಚೀಲದೊಳಗೆ ಹೆಸರು, ಊರು, ಸರ್ವೆ ನಂಬರ್, ಮುಂದಿನ ಬೆಳೆ ಬರೆಯುವ ಒಂದು ಚೀಟಿ ಇರಲಿ, ಜೊತೆಗೆ ಒಂದು ತುಂಡು ಪೆನ್ಸಿಲ್. ಪೆನ್ನಿನ ಶಾಯಿ ಹಸಿ ಮಣ್ಣಿನಲ್ಲಿ ಅಳಿಸಿಹೋಗುತ್ತದೆ.